ಹದಿನೇಳನೇ ಟ್ಯೂಬು

೨೪ ಜುಲೈ, ಗುರುವಾರ

ಇವತ್ತೂ ಹಿರೇಬೆಂಡಿಗೇರಿ. ಜ್ವರದ ಸರ್ವೆಗೆ ಕೊನೆಯ ದಿನ. ಜ್ವರ ಬಂದ ಇಪ್ಪತ್ತು ಜನರ ರಕ್ತ ಬೇಕು. ಪಟ್ಟಿಯಲ್ಲಿ ಹದಿನೇಳನೆಯವಳು ಹೊಳೆವ್ವಕ್ಕ. ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುವ ಒಂಟಿ ಹೆಂಗಸು. ನಾನು ಸೂಜಿ ತೆಗೆದದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡಳು.

"ಇವತ್ತ ಅಮಾಸಿ ಐತವ್ವ. ಮನಿಯಿಂದ ಏನೂ ಹೊರಗ ಕೊಡಂಗಿಲ್ಲ. ಮಜ್ಜಗಿ ಸೈತ ಕೊಡಂಗಿಲ್ಲ, ರಕ್ತ ಕೊಡತಾರೇನ? ನಾಳೆ ಬಾ."

"ಸಂಜೀಕ ಪಾರ್ಸೆಲ್ ಹೋಗತೈತ್ರಿ."

"ಹೋಗ್ಲಿ ಬಿಡು."

ನಮ್ಮ ಆಸ್ಪತ್ರೆಯ ಲ್ಯಾಬಿಗೆ ಬಂದೆ. ಒಂದು ಟ್ಯೂಬು ಕಡಿಮೆಯಾದರೆ ಸುನೀಲ ಡಾಕ್ಟರು ಎಂಟು ದಿನ ಮುಖ ಊದಿಸಿಕೊಂಡಿರುತ್ತಾರೆ. ಬಾಗಿಲು ಹಾಕಿಕೊಂಡೆ. ನನ್ನದೇ ಎಡಗೈಯಿಂದ ರಕ್ತ ತೆಗೆದೆ. ಮೂರು ದಿನದಿಂದ ನನಗೂ ಮೈಕೈ ನೋವು, ಸಣ್ಣ ಜ್ವರ — ಗುಳಿಗೆ ನುಂಗಿ ಓಡಾಡುತ್ತಿದ್ದೇನೆ. ಜ್ವರದ ರಕ್ತ ತಾನೆ ಬೇಕಾಗಿದ್ದು? ಲೇಬಲ್ ಬರೆದೆ: ೧೭, ಹೊಳೆವ್ವ, ೫೨. ಅಕ್ಷರ ದುಂಡಗೆ ಬಂತು.

೧೩ ಆಗಸ್ಟ್, ಬುಧವಾರ

ಡಾಕ್ಟರು ಫೋನಿನಲ್ಲಿ ಮಾತಾಡುತ್ತಲೇ ಕುರ್ಚಿಯಿಂದ ಎದ್ದರು. ನಮ್ಮ ಟ್ಯೂಬು ಹೋಗುವ ದೊಡ್ಡ ಲ್ಯಾಬಿನಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಅಂತ ಒಂದೊಂದೇ ಹುಡುಕುವುದಿಲ್ಲ. ರಕ್ತದಲ್ಲಿರುವ ಎಲ್ಲ ಜೀನೂ ಓದುತ್ತಾರೆ.

"ನುಜಹತ, ಹೊಸಾ ವೈರಸ್‌ರೀ! ಇಲ್ಲೀತನಕ ಯಾರ ಮೈಯಾಗೂ ಸಿಕ್ಕಿಲ್ಲಂತ. ಹದಿನೇಳನೇ ಟ್ಯೂಬು. ಯಾರದದು, ನೋಡ್ರಿ?"

ರಿಜಿಸ್ಟರ್ ತೆಗೆದೆ. ಓದಿದೆ. "ಹೊಳೆವ್ವಂದ್ರಿ."

ಅಲ್ಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಬಂಕಾಪುರಕ್ಕೆ ಬಂದು, ಮನೆ ಹೊಸ್ತಿಲು ದಾಟುವ ಮೊದಲು ಮಾಸ್ಕ್ ಹಾಕಿಕೊಂಡೆ. ನನಗೆ ನೆಗಡಿ ಎಂದು ಅಮ್ಮಿಗೆ ಹೇಳಿದೆ. ಬೇರೆ ತಟ್ಟೆ, ಬೇರೆ ಚಾಪೆ. ಹರಡುವಂಥದೋ ಅಲ್ಲವೋ — ಯಾರಿಗೂ ಗೊತ್ತಿಲ್ಲ.

೧೬ ಆಗಸ್ಟ್

ಹೊಳೆವ್ವಕ್ಕನ ಮನೆ ಮುಂದೆ ನಿನ್ನೆ ಜೀಪು ನಿಂತಿತ್ತಂತೆ. ಮೈತುಂಬ ಬಿಳಿ ಬಟ್ಟೆ ತೊಟ್ಟ ನಾಲ್ವರು. ಅಷ್ಟು ಸಾಕಾಯಿತು ಊರಿಗೆ. ಡೈರಿಯವರು ಹಾಲು ಬೇಡವೆಂದರು. ನೀರಿಗೆ ಹೋದರೆ ನಲ್ಲಿ ಮುಂದಿನ ಸಾಲು ಚದುರುತ್ತದೆ. ಟ್ಯೂಬು ಪ್ಯಾಕ್ ಮಾಡಿಕೊಡುವ ಆಶಾ ಕಾರ್ಯಕರ್ತೆ ಸವಿತಾ ಹೇಳಿದಳು, ಹೊಳೆವ್ವಕ್ಕ ಎಮ್ಮೆ ಹಿಂಡಿ ಹಿಂಡಿ ತಿಪ್ಪೆಗೆ ಸುರಿಯುತ್ತಿದ್ದಾಳಂತೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು. ಉಣ್ಣುತ್ತಿರುವವಳು ಅವಳು.

೧೮ ಆಗಸ್ಟ್, ಸೋಮವಾರ

ಎರಡನೇ ಸ್ಯಾಂಪಲ್ ತರಲು ನನ್ನನ್ನೇ ಕಳಿಸಿದರು. ಹೊಳೆವ್ವಕ್ಕ ಈ ಸಲ ತಾನೇ ಕೈ ಚಾಚಿದಳು. ಆಮೇಲೆ ಚಹಾ ಇಟ್ಟಳು, ನೀರು ಹಾಕದ ಹಾಲಿನದು. ಅಂಗಳದಲ್ಲಿ ದೂರ ಕೂತು, ಮಾಸ್ಕ್ ಇಳಿಸಿ ಕುಡಿದೆ. ಅವಳ ಕಣ್ಣಲ್ಲಿ ನೀರು.

"ನನ್ನ ಕೈಲೆ ಚಾ ಕುಡದಾಕಿ ನೀ ಒಬ್ಬಾಕಿನ ನೋಡ ತಂಗಿ. ಭಾಳ ಧೈರ್ಯ ನಿಂದು."

ಧೈರ್ಯವಂತೆ! ವೈರಸ್ ಸಿಕ್ಕಿದ್ದು ಆ ಮನೆಯ ರಕ್ತದಲ್ಲಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಾಚಿಕೆಯಾಯಿತು. ಆದರೂ ಪೂರ್ತಿ ಕುಡಿದೆ.

೨೨ ಆಗಸ್ಟ್

ಎರಡನೇ ಸ್ಯಾಂಪಲ್ಲಿನ ಅರ್ಜೆಂಟ್ ರಿಪೋರ್ಟ್. ವೈರಸ್ ಇಲ್ಲ. ಅಷ್ಟೇ ಅಲ್ಲ — ಎರಡೂ ಟ್ಯೂಬಿನ ರಕ್ತ ಒಬ್ಬರದೇ ಅಲ್ಲ. ಎಲ್ಲ ಜೀನೂ ಓದುತ್ತಾರೆಂದ ಮೇಲೆ ರಕ್ತ ಕೊಟ್ಟವರ ಜೀನೂ ಬಂತಲ್ಲ. ಇಷ್ಟು ಹೊಳೆದಿರಲಿಲ್ಲ ನನಗೆ.

"ಸವಿತಾ ಲೇಬಲ್ ಅದಲಿ ಬದಲಿ ಮಾಡ್ಯಾಳೇನ್ರಿ?" ಡಾಕ್ಟರು ಕೇಳಿದರು.

"ಇರಬಹುದ್ರಿ" ಎಂದೆ.

ಛೀ, ನುಜಹತ.

೨೩ ಆಗಸ್ಟ್, ಶನಿವಾರ, ಮಧ್ಯಾಹ್ನ

ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಅಂದದ್ದು, "ನಿಮ್ಮ ರಕ್ತ ತಗೋಬೇಕು. ಅಲ್ಲೀತನಕ ಯಾರ ಹತ್ರಾನೂ ಹೋಗಬ್ಯಾಡ್ರಿ." ನೌಕರಿಯ ಮಾತು ಇಬ್ಬರೂ ಎತ್ತಲಿಲ್ಲ.

ಸ್ಕೂಟಿ ತೆಗೆದುಕೊಂಡು ಹಿರೇಬೆಂಡಿಗೇರಿಗೆ ಹೋದೆ. ಅಂಗಳದ ಹೊರಗೇ ನಿಂತೆ. "ಆ ರಕ್ತ ನಿಮ್ದಲ್ರಿ ಅಕ್ಕಾ. ನಂದು." ಉಳಿದದ್ದನ್ನೂ ಹೇಳಿದೆ.

ಹೊಳೆವ್ವಕ್ಕ ಎಮ್ಮೆ ಮುಂದೆ ಮೇವು ಹಾಕಿ ನನ್ನ ಕಡೆ ತಿರುಗಿದಳು.

"ಅಮಾಸಿ ದಿನ ಏನೂ ಹೊರಗ ಕೊಡಂಗಿಲ್ಲ ಅಂದಿದ್ದೆ. ರಕ್ತ ಬಿಟ್ಟಿ. ಹೆಸರು ಒಯ್ದಿ."

ಅಳು ಬಂತು.

"ನನ್ನ ಮುಂದ ಅಳಬ್ಯಾಡ. ಸಂಜೀಕ ಡೈರಿ ಮುಂದ ನಿಂತು ಹೇಳು. ಒಯ್ದಲ್ಲೆ ತಂದಿಡು."

ಸಂಜೆ ೫.೪೦

ಡೈರಿ ಎದುರಿನ ಬೇವಿನ ಕಟ್ಟೆ. ಎಲ್ಲರಿಂದ ದೂರ, ಮಾಸ್ಕ್ ಹಾಕಿ ಕೂತು ಬರೆಯುತ್ತಿದ್ದೇನೆ. ಕ್ಯಾನು ಹಿಡಿದವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಹೊಳೆವ್ವಕ್ಕನೂ ಬಂದಳು, ಖಾಲಿ ಕೈಯಲ್ಲಿ. ಇವತ್ತೂ ಅಮಾವಾಸ್ಯೆ. ಅವಳು ಬಂದ ಕೂಡಲೇ ಜನ ಸರಿದರು. ಈಗ ನನ್ನ ಕಡೆ ನೋಡುತ್ತಿದ್ದಾಳೆ.

ಲೇಬಲ್ ಮೇಲೆ ದುಂಡಗೆ ಬಂದ ಅಕ್ಷರ ಈಗ ಸೊಟ್ಟಗೆ ಬರುತ್ತಿದೆ. ಏಳುವ ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಎಲ್ಲಾರೂ ಕೇಳ್ರಿ. ಹದಿನೇಳನೇ ಟ್ಯೂಬಿನ್ಯಾಗ ಇದ್ದದ್ದು ಹೊಳೆವ್ವಕ್ಕನ ರಕ್ತ ಅಲ್ರಿ. ಅದು ನಂದ್ರಿ.

ಇನ್ನು ಎದ್ದು ಹೇಳಬೇಕು.