ಕೂಡಿಹಾಕಿದ ಬೂದು ಬೆಕ್ಕು

ಪಕ್ಕದ ಮನೆಯ ಮೇಷ್ಟ್ರಿಗೆ, ಟೈಲರಮ್ಮನ ನಮಸ್ಕಾರ.

ನನ್ನ ಬೂದು ಬೆಕ್ಕು ನಿಮ್ಮ ಸೊಪ್ಪಿನ ಪಾತಿ ಕೆದರುತ್ತದೆಂದು ನೀವು ರೇಗಾಡಿದಿರಲ್ಲ, ಅಂದೇ ಅದನ್ನು ಪಾತಿಯಿಂದಲೇ ಹಿಡಿದು ತಂದು ಮನೆಯೊಳಗೆ ಕೂಡಿಹಾಕಿದೆ. ನ್ಯಾಯ ಎಲ್ಲರಿಗೂ ಒಂದೇ ಎಂದು ನೀವೂ ನಿಮ್ಮ ಬೂದು ಬೆಕ್ಕನ್ನು ಒಳಗಿಟ್ಟಿರಿ. ಇಂದು ಚುಚ್ಚುಮದ್ದು ಹಾಕಲು ಬಂದ ಡಾಕ್ಟರು, "ಇದು ಹೆಣ್ಣು ಕಣಮ್ಮ" ಅಂದುಬಿಟ್ಟರು. ನನ್ನದು ಗಂಡು! ಗಾಬರಿಯಿಂದ ನಿಮ್ಮ ಕಿಟಕಿಯತ್ತ ನೋಡಿದರೆ, ನನ್ನವನು ನಿಮ್ಮ ಪೇಪರಿನ ಮೇಲೆ ಮಲಗಿದ್ದಾನೆ.

ಈಗ ಬೈಯಬೇಕಾದವರು ಯಾರು, ಬೈಸಿಕೊಳ್ಳಬೇಕಾದವರು ಯಾರು, ಒಂದೂ ತಿಳಿಯುತ್ತಿಲ್ಲ.

ದಯವಿಟ್ಟು ನನ್ನವನನ್ನು ಬುಟ್ಟಿಯಲ್ಲಿ ತಂದು, ನಿಮ್ಮವಳನ್ನು ಕರೆದೊಯ್ಯಿರಿ. ಆದರೆ ಇವತ್ತು ಬೇಡ, ನಾಳೆ ಬನ್ನಿ. ನಿಮ್ಮವಳು ನನ್ನ ಮಡಿಲಲ್ಲಿ ಮಲಗಿದ್ದಾಳೆ. ನನ್ನವನು ಒಂದು ದಿನವೂ ಹೀಗೆ ಮಲಗಿದವನಲ್ಲ.

ಕೂತಲ್ಲಿಂದ ಏಳಲಾಗದ,
ನಿಮ್ಮ ನೆರೆಯವಳು