ಈ ಸಲ ನಾನಲ್ಲ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಪರರ ದವಡೆಗಳ ಸೇವೆ. ಡೆಂಟಿಸ್ಟ್‌ಗಳು ಕಳಿಸಿದ ಅಚ್ಚು ತೊಳೆ, ಪ್ಲಾಸ್ಟರ್ ಕಲಸು, ಸುರಿ, ಒಣಗಿಸು. ಒಂದು ಅಚ್ಚಿನ ಸಂದಿಯಲ್ಲಿ ಯಾವನೋ ಪುಣ್ಯಾತ್ಮನ ಬೆಳಗಿನ ತಿಂಡಿ ಇನ್ನೂ ವಾಸವಾಗಿತ್ತು. ಥೂ. ಬಾಯಿ ಮುಕ್ಕಳಿಸದೆ ಅಚ್ಚು ಕೊಟ್ಟವರಿಗೆ ಆಜೀವ ಪರ್ಯಂತ ಹಲ್ಲು ಕೊಡತಕ್ಕದ್ದಲ್ಲ — ನನ್ನ ಆಳ್ವಿಕೆ ಬಂದ ದಿನ ಮೊದಲ ಕಾನೂನು ಇದೇ.

ಮಧ್ಯಾಹ್ನ ಒಂದು ಐತಿಹಾಸಿಕ ಕಾರ್ಯ. ಅಣ್ಣನೂ ಇದೇ ಡೆಂಟಲ್ ಲ್ಯಾಬಿನಲ್ಲಿ. ಹಲ್ಲು ಜೋಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ಊಟದ ಡಬ್ಬಿಯೊಳಗೆ ರಿಜೆಕ್ಟ್ ಆದ ಕಟ್ಟುಹಲ್ಲಿನ ಸೆಟ್ ಒಂದನ್ನು ಪ್ರತಿಷ್ಠಾಪಿಸಿದೆ. ಗುಲಾಬಿ ಒಸಡು, ಕಿವಿಯವರೆಗೆ ನಗು. ಹಿಂದೊಮ್ಮೆ ಇಂಥದ್ದೇ ಮಾಡಿದಾಗ ಅವನು ನನ್ನ ಬೂಟಿನೊಳಗೆ ಪ್ಲಾಸ್ಟರ್ ಸುರಿದು ಸೇಡು ತೀರಿಸಿಕೊಂಡಿದ್ದ. ಅಣ್ಣ ಅಂದರೆ ಹಾಗಿರಬೇಕು.

ಇವತ್ತು... ಮುಚ್ಚಳ ತೆಗೆದ. ನೋಡಿದ. ಮುಚ್ಚಿದ.

"ಯಾರು ಕಳ್ಸಿದ್ದು ಇದನ್ನ?"

"ಲೇ ಕೋತಿ" ಅನ್ನಲಿಲ್ಲ. ಯಾರು ಕಳ್ಸಿದ್ದು — ಅಂದ. ಊಟ ಮಾಡಲಿಲ್ಲ. ನನ್ನ ಕಲೆಗೆ ಇಂಥ ಅವಮಾನ ಹಿಂದೆಂದೂ ಆಗಿಲ್ಲ.

ಮಾರ್ಚ್ 5, ಬುಧವಾರ

ಅಣ್ಣನ ಮೇಣ ಕೆತ್ತುವ ಚಾಕು ಸಕ್ಕರೆ ಡಬ್ಬಿಯಲ್ಲಿ ಪತ್ತೆಯಾಯಿತು. ಅಪರಾಧಿ: ಈ ಸಾಲುಗಳ ಲೇಖಕ. ಬೈಗುಳಕ್ಕೆ ಕಾದು ನಿಂತೆ. ಬೈಯಲಿಲ್ಲ. ತನ್ನ ಡ್ರಾಯರಿಗೆ ಅಡ್ಡವಾಗಿ ದಾರ ಕಟ್ಟಿದ. ಯಾರಾದರೂ ತೆರೆದರೆ ಹರಿಯಬೇಕಂತೆ. ಆಮೇಲೆ ಕೆಲಸ ಬಿಟ್ಟು ಬಿಟ್ಟು ಬಂದು ದಾರ ಮುಟ್ಟಿ ನೋಡುವುದು.

ಒಮ್ಮೆ ತೀರಾ ಹತ್ತಿರ ಬಂದು ಪಿಸುಗುಟ್ಟಿದ. ಏನಂದನೋ ಕೇಳಲಿಲ್ಲ, ಬಾಯಿಯ ನಾತಕ್ಕೆ ಮುಖ ತಿರುಗಿಸಿದೆ. ಹಲ್ಲಿನ ಬುಡದಲ್ಲೆಲ್ಲ ಹಳದಿ ಕಟ್ಟಿದೆ. ಇವನು ಊರವರಿಗೆ ಹಲ್ಲು ಕಟ್ಟುವವನು! ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿ ಎರಡು ಹೊತ್ತೂ ಬ್ರಷ್ ಮಾಡಿಸಿದವನು.

ಲ್ಯಾಬ್ ಮಾಲೀಕರಿಗೆ ಹೇಳಿದೆ. (ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ನಾನಿಟ್ಟ ನಾಮಧೇಯ: ದವಡೆ.) "ಕೆಲ್ಸ ಜಾಸ್ತಿ ಕಣೋ, ಟೆನ್ಷನ್ ಇರತ್ತೆ" ಅಂದರು. ಅಂದವರೇ ಇನ್ನೊಂದು ರಾಶಿ ಆರ್ಡರ್ ತಂದು ಅವನ ಮೇಜಿನ ಮೇಲೆ ಸುರಿದರು.

ಮಾರ್ಚ್ 7, ಶುಕ್ರವಾರ

ನಾಳೆ ಪ್ರಯಾಣ. ಹೊಸ ಪಾಲಿಶ್ ಮಿಷನ್ನಿನ ಟ್ರೇನಿಂಗ್, ಬೇರೆ ಊರಲ್ಲಿ. ಅಮ್ಮನ ಆಶೀರ್ವಾದ: "ಅಲ್ಲಾದ್ರೂ ಮನುಷ್ಯರ ಥರ ಇರು."

ಅಣ್ಣ ಮಾತ್ರ "ಯಾವಾಗ ಬರ್ತೀಯ?" ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ.

ಮಾರ್ಚ್ 16, ಭಾನುವಾರ

ಸ್ವಾಗತ ಸಮಾರಂಭ ಅದ್ದೂರಿ. ಚೀಲ ಕೆಳಗಿಡುವ ಮೊದಲೇ ಬೆನ್ನಿಗೆ ಅಮ್ಮನ ಗುದ್ದು.

"ಯಾರ ಕೈಲಿ ಮಾಡಿಸ್ತಿದ್ದೆಯೋ ಇದನ್ನೆಲ್ಲ?"

"ಯಾವುದನ್ನ?"

"ಅವನ ಟವೆಲ್ ಜಾಗ ಬದಲಾಗತ್ತಂತೆ, ಚಪ್ಪಲಿ ತಿರುಗಿರತ್ತಂತೆ, ಊಟಕ್ಕೆ ಏನೋ ಬೆರೆಸಿರ್ತಾರಂತೆ. ದಿನಾ ಇದೇ ರಗಳೆ! ನೀನಲ್ದೆ ಇನ್ಯಾರಿಗಿದೆ ಈ ಬುದ್ಧಿ?"

"ಅಮ್ಮಾ, ನಾನು ಊರಲ್ಲೇ ಇರ್ಲಿಲ್ಲ."

"ಅದಕ್ಕೇ ಕೇಳ್ತಿರೋದು, ಯಾರ ಕೈಲಿ ಅಂತ!"

ನನ್ನ ಕೀರ್ತಿ ಈ ಎತ್ತರಕ್ಕೆ ಬೆಳೆದಿದೆ. ಹೆಮ್ಮೆಪಡಬೇಕಿತ್ತು. ಚೀಲ ಅಲ್ಲೇ ಬಿಟ್ಟು ಒಳಗೆ ನಡೆದೆ.

ಅಣ್ಣನ ರೂಮಿನ ಬಾಗಿಲು ತೆಗೆದೆ — ಮೂಗು ಮುಚ್ಚಿಕೊಂಡೆ. ಕಿಟಕಿಯ ಸಂದಿಗೆಲ್ಲ ಹಳೇ ಬನಿಯನ್ ತುರುಕಿದ್ದಾನೆ. ಗಾಳಿ ಇಲ್ಲ. ಮಂಚದ ಕೆಳಗೆ ತಟ್ಟೆಗಳು: ಅಮ್ಮ ಬಡಿಸಿದ್ದು, ಅವನು "ರೂಮಲ್ಲೇ ತಿಂತೀನಿ" ಅಂತ ಒಯ್ದು ತಿನ್ನದೇ ಬಿಟ್ಟಿದ್ದು. ಮೇಲೆ ಹಸಿರು ಬೂಷ್ಟು. ಒಂದರಲ್ಲಿ ಹುಳಗಳು ಸಭೆ ಸೇರಿದ್ದವು. ತಲೆದಿಂಬು ಎಣ್ಣೆಜಿಡ್ಡಿನಲ್ಲಿ ಮಿರಮಿರ. ಅದರ ಮೇಲೆ ಅಣ್ಣ, ಕಣ್ಣು ಬಿಟ್ಟುಕೊಂಡು.

"ಏನೂ ಮುಟ್ಬೇಡ, ಬಾಗಿಲು ಹಾಕು" ಅಂದ.

ನನ್ನ ಕಿತಾಪತಿ ಯಾವುದು ಅಂತ ನನಗೆ ಗೊತ್ತು. ಡಬ್ಬಿ ನನ್ನದು. ಚಾಕು ನನ್ನದು. ಟವೆಲ್ ನನ್ನದಲ್ಲ. ಊಟ ನನ್ನದಲ್ಲ. ಈ ವ್ಯತ್ಯಾಸ ಗೊತ್ತಿರುವ ಪ್ರಾಣಿ ಲೋಕದಲ್ಲಿ ನಾನೊಬ್ಬನೇ. ಉಳಿದವರಿಗೆ ಎಲ್ಲದರ ಮೇಲೂ ನನ್ನದೇ ಸಹಿ ಕಾಣುತ್ತದೆ.

ಮಾರ್ಚ್ 18, ಮಂಗಳವಾರ

ಲ್ಯಾಬಿನಲ್ಲಿ ಪ್ಲಾಸ್ಟರ್ ಮಾಡೆಲ್‌ಗಳೆಲ್ಲ ಗೋಡೆಗೆ ಮುಖ ಮಾಡಿ ಕೂತಿವೆ, ಶಾಲೆಯಲ್ಲಿ ಶಿಕ್ಷೆ ತಿಂದ ಮಕ್ಕಳ ಹಾಗೆ. ಅಣ್ಣನನ್ನು ಕೇಳಿದೆ.

"ನೋಡ್ತಿರ್ತಾವೆ ಅಂತ ಅಲ್ಲ" ಅಂದ. "ಸುಮ್ನೆ."

ನೋಡುತ್ತವೆಯೇ ಅಂತ ನಾನು ಕೇಳಿಯೇ ಇರಲಿಲ್ಲ.

ಸೆಟ್ ಒಯ್ಯಲು ಡಾಕ್ಟರಮ್ಮ ಬಂದಿದ್ದರು — ನಮಗೆ ಆರ್ಡರ್ ಕೊಡುವ ಡೆಂಟಿಸ್ಟ್‌ಗಳಲ್ಲಿ ಬೈಯದೆ ಮಾತಾಡುವವರು. ಹೊರಗೆ ಅವರ ಸ್ಕೂಟರ್ ಹತ್ತಿರ ಹೋಗಿ ಅಣ್ಣನ ವಿಷಯ ಹೇಳಿದೆ.

"ನಿನ್ನನ್ನ ನಂಬಬೇಕಾ ನಾನು? ಹೋದ ತಿಂಗಳು ನನ್ನ ಹೆಲ್ಮೆಟ್ ಒಳಗೆ ಏನಿಟ್ಟಿದ್ದೆ?"

"ಮೇಡಂ, ಇದು ಹಂಗಲ್ಲ." ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡೆ, ಬಿಡಲಿಲ್ಲ. ನಾಚಿಕೆ.

ಅವರು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ನಿದ್ದೆ ಮಾಡ್ತಾನಾ? ಸ್ನಾನ? ಜನರ ಜೊತೆ ಸೇರ್ತಾನಾ? ಯಾರೋ ಹಿಂದೆ ಬಿದ್ದಿದಾರೆ ಅಂತಾನಾ? ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ.

"ಮೊದಲು ಹೇಗಿದ್ದ, ಈಗ ಹೇಗಿದಾನೆ — ಅದನ್ನ ನೋಡು. ಒಂದೊಂದೇ ತಗೊಂಡ್ರೆ ಎಲ್ಲದಕ್ಕೂ ಏನಾದ್ರೂ ಕಾರಣ ಸಿಗತ್ತೆ. ಎಲ್ಲ ಒಟ್ಟಿಗೆ ಬಂದು ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ರೆ ಕಾಯಬಾರದು. ಏನು ಅಂತ ನಾನು ಹೇಳಕ್ಕಾಗಲ್ಲ, ನಾನು ಹಲ್ಲಿನವಳು. ಮನೋವೈದ್ಯರಿಗೆ ತೋರ್ಸು. ಬೇಗ ತೋರಿಸಿದಷ್ಟೂ ಒಳ್ಳೇದು."

ಮಾರ್ಚ್ 19, ಬುಧವಾರ

ಅಮ್ಮನಿಗೂ ಮಾವನಿಗೂ ಹೇಳಿದೆ. ಮಾವ ಅಂದರೆ ಅಮ್ಮನ ತಮ್ಮ. ಅಪ್ಪ ಹೋದ ಮೇಲೆ ನಮ್ಮ ಮನೆಯ ಸ್ವಯಂಘೋಷಿತ ನ್ಯಾಯಪೀಠ. ಸೇಫ್ಟಿ ಪಿನ್ನಿನಿಂದ ಹಲ್ಲು ಕೆದಕಿ, ಬಂದಿದ್ದನ್ನು ಮೂಸಿ ನೋಡಿ, ಮತ್ತೆ ಬಾಯಿಗೇ ಹಾಕಿಕೊಳ್ಳುವ ಮಹಾನುಭಾವ.

"ಅಣ್ಣಂಗೆ ಹುಚ್ಚು ಅಂತ ಊರಿಗೆಲ್ಲ ಟಾಂಟಾಂ ಮಾಡು. ಇದೂ ಒಂದು ಜೋಕು ನಿಂಗೆ" ಅಂದರು. ಮೂಸಿದರು.

"ಹುಚ್ಚು ಅಂತ ನಾನೆಲ್ಲಂದೆ? ಕಾಯಿಲೆ ಇರಬಹುದು, ತೋರ್ಸೋಣ ಅಂದೆ."

"ಕಾಯಿಲೆ ನಿಂಗಿರೋದು. ಭಾನುವಾರ ಬರ್ತೀನಿ. ಅವನ ಮುಂದೆ ತಪ್ಪಾಯ್ತು ಅಂತ ಒಪ್ಕೊ, ಎಲ್ಲ ಸರಿಹೋಗತ್ತೆ."

ಮಾವ ಪಿನ್ನನ್ನು ಅಂಗಿಗೆ ಒರೆಸಿ ಕಾಲರಿಗೆ ಚುಚ್ಚಿಕೊಂಡು ಹೊರಟರು. ಆ ಪಿನ್ನಿಗಿಂತ ಆ ಬುದ್ಧಿವಾದ ಹೆಚ್ಚು ನಾರುತ್ತಿತ್ತು.

ಮಾರ್ಚ್ 23, ಭಾನುವಾರ

ವಿಚಾರಣೆ ಹಾಲ್‌ನಲ್ಲಿ. ಮಾವ ಕುರ್ಚಿಯಲ್ಲಿ. ಆರೋಪಿ ನೆಲದ ಮೇಲೆ. ಪಕ್ಕದಲ್ಲಿ ಅಮ್ಮ, ನನ್ನ ತೊಡೆ ಜಿಗುಟಲು ಅನುಕೂಲವಾಗುವಂತೆ.

ಅಣ್ಣ ಎದುರಿಗೆ ಬಂದು ಕೂತ. ಅದೇ ಅಂಗಿ, ನಾನು ಊರಿಗೆ ವಾಪಸ್ ಬಂದಾಗಿನಿಂದ ಅದೇ. ಕುತ್ತಿಗೆಯಲ್ಲಿ ಕೊಳೆ ಗೆರೆಗೆರೆಯಾಗಿ ಕೂತಿದೆ. ಮೂಗು ಮುಚ್ಚಿಕೊಳ್ಳಬಾರದು ಅಂತ ಕೈಗಳ ಮೇಲೇ ಕೂತೆ.

"ಒಂದೇ ಒಂದು ಹೇಳು" ಅಂದ ಅಣ್ಣ. "ಬಾಕಿ ಎಲ್ಲ ಬಿಡು. ಕಿಟಕಿ ಹತ್ರ ಬಂದು ನನ್ನ ಹೆಸರು ಹಿಡಿದು ಕರೀತಾ ಇದ್ದಿದ್ದು ನೀನೇ ತಾನೇ?"

ಕಿಟಕಿಯ ವಿಷಯ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಅಣ್ಣನ ಮುಖ ನೋಡಿದಳು. ಆದರೂ ಜಿಗುಟಿದಳು, ಹೂಂ ಅನ್ನು ಅಂತ.

ಅನ್ನಬಹುದಿತ್ತು. ಅವನ ಕಣ್ಣು ಅದನ್ನೇ ಬೇಡುತ್ತಿತ್ತು. ಮಾಡಿದ ನೂರು ಕಿತಾಪತಿಯನ್ನು ಇಲ್ಲ ಅಂದ ಬಾಯಿಗೆ, ಮಾಡದ ಒಂದನ್ನು ಹೌದು ಅನ್ನಲು ಎಷ್ಟು ಹೊತ್ತು? ಅಂದಿದ್ದರೆ ನಾಲ್ಕು ಏಟು ಬೀಳುತ್ತಿತ್ತು, ಮಾವ ಕಾಫಿ ಕುಡಿದು ಹೋಗುತ್ತಿದ್ದರು. ಅಣ್ಣ ಮತ್ತೆ ಆ ರೂಮಿಗೆ.

"ಡಬ್ಬೀಲಿ ಸೆಟ್ ಇಟ್ಟಿದ್ದು ನಾನು. ಚಾಕು ಬಚ್ಚಿಟ್ಟಿದ್ದು ನಾನು. ಕಿಟಕಿ ನಾನಲ್ಲ, ಅಣ್ಣ."

"ಸುಳ್ಳು ಬೊಗಳ್ಬೇಡ!" ಮಾವ.

"ಸುಳ್ಳೇ ಹೇಳೋದಾಗಿದ್ರೆ ಹೌದು ಅಂತಿದ್ದೆ, ಮಾವ."

ಅಣ್ಣ ಬಹಳ ಹೊತ್ತು ನನ್ನನ್ನೇ ನೋಡಿದ. ನಾನು ನಗುವುದನ್ನು ಕಾಯುತ್ತಿದ್ದ ಅನ್ನಿಸುತ್ತದೆ.

"ನೀನೇ ಆಗಿದ್ರೆ ಚೆನ್ನಾಗಿತ್ತು ಕಣೋ" ಅಂದ.

ತೊಡೆಯ ಮೇಲಿದ್ದ ಅಮ್ಮನ ಕೈ ಸಡಿಲವಾಯಿತು. ಮಾವ ಏನೋ ಶುರು ಮಾಡಿದರು. "ನೀನು ಸ್ವಲ್ಪ ಸುಮ್ನಿರಪ್ಪ" ಅಂದಳು ಅಮ್ಮ. ಅವರಿಗೆ ಅವಳು ಹಾಗಂದಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಮಾರ್ಚ್ 24, ಸೋಮವಾರ

ಅಮ್ಮ, ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆಗಳನ್ನು ಹೊರಗೆ ತಂದೆವು. ಒಂದು ತಟ್ಟೆ ತೊಳೆಯುತ್ತಾ ಅಮ್ಮ ನಿಂತುಬಿಟ್ಟಳು. "ಖಾಲಿ ತಟ್ಟೆ ಯಾಕೆ ವಾಪಸ್ ಬರ್ತಿಲ್ಲ ಅಂತ ಕೂಡ ನಾನು ಕೇಳ್ಲಿಲ್ವಲ್ಲೋ." ಸಾಂತ್ವನ ಹೇಳಲು ಹೋದೆ, ಹುಳ ಕೈಮೇಲೆ ಹತ್ತಿತು, ಕಿರುಚಿದೆ. ಅತ್ತಳೋ ನಕ್ಕಳೋ, ಬಟ್ಟೆಯ ಹಿಂದೆ ತಿಳಿಯಲಿಲ್ಲ.

ಅಣ್ಣ ಆಸ್ಪತ್ರೆಗೆ ಬರುವುದಿಲ್ಲ ಅಂದ. ಸಂಜೆಯೂ ಇಲ್ಲ ಅಂದ. ಆಮೇಲೆ ತಾನಾಗಿಯೇ ಅಡುಗೆಮನೆ ಬಾಗಿಲಿಗೆ ಬಂದ.

"ಹೋಗಿ ಏನಂತ ಹೇಳ್ಲಿ? ಕಿಟಕಿ ಕರಿಯತ್ತೆ ಅಂತಾನಾ?"

"ನಿದ್ದೆ ಬರ್ತಿಲ್ಲ ಅನ್ನು. ಅದಂತೂ ನಿಜ ತಾನೇ?"

"ನಿಜ" ಅಂದ. "ನೀನೂ ಬರ್ಬೇಕು. ತಮಾಷೆ ಮಾಡ್ಬಾರ್ದು."

ಮಾಡೆನು ಅಂದೆ. ಸತ್ಯಪ್ರಮಾಣ.

ಮಾರ್ಚ್ 26, ಬುಧವಾರ, ಬೆಳಿಗ್ಗೆ 10.40

ಆಸ್ಪತ್ರೆ. ಬೆಂಚಿನ ಕೆಳಗೆ ಯಾರೋ ಅಂಟಿಸಿದ ಚೂಯಿಂಗ್ ಗಮ್ಮಿಗೆ ನನ್ನ ಬೆರಳು ತಗುಲಿತು. ಇನ್ನೂ ಒದ್ದೆ. ಅಯ್ಯೋ ಕರ್ಮವೇ. ಒರೆಸಲು ಜಾಗವಿಲ್ಲ.

ಅಣ್ಣ ಸ್ನಾನ ಮಾಡಿದ್ದಾನೆ. ಅರ್ಧ. ಕಿವಿಯ ಹಿಂದೆ ಸೋಪು ಹಾಗೇ ಇದೆ. ಎದುರಿನ ಹೆಂಗಸು ಫೋನು ನೋಡಿ ನಕ್ಕಳು, ಇವನು ಎದ್ದು ನಿಂತ. "ನನ್ನ ನೋಡೇ ನಗ್ತಿರೋದು. ನಡಿ ಹೋಗೋಣ." ಅಲ್ಲ ಅಂತ ವಾದಿಸಲಿಲ್ಲ. "ಕಷ್ಟ ಆಗ್ತಿದ್ಯಾ?" ಅಂದೆ. ಹೂಂ ಅಂದ. ಅಮ್ಮ ಎದ್ದು ಬಂದು ಆ ಹೆಂಗಸಿಗೂ ಇವನಿಗೂ ನಡುವೆ ನಿಂತಳು, ಏನೋ ಹುಡುಕುವವಳಂತೆ ಚೀಲ ತಡಕಾಡುತ್ತಾ. ಅವನು ಕೂತ.

11.15

ಕರೆದರು. ಒಬ್ಬನೇ ಒಳಗೆ ಹೋದ. ಬಾಗಿಲು ಹಾಕಿಕೊಂಡಿತು. ಅಮ್ಮ ಬಾಗಿಲನ್ನೇ ನೋಡುತ್ತಿದ್ದಾಳೆ. ನಾನು ಬರೆಯುವುದರಲ್ಲಿ ಮುಳುಗಿದ ಹಾಗೆ ನಟಿಸುತ್ತಿದ್ದೇನೆ.

ನರ್ಸ್ ಬಂದಳು. "ತಮ್ಮ ಯಾರು? ಡಾಕ್ಟರ್ ಕರೀತಿದಾರೆ. ಯಾವುದು ನಿಜವಾಗಿ ನಡೆದಿದ್ದು, ಯಾವುದು ಅಲ್ಲ ಅಂತ ತಮ್ಮನ್ನ ಕೇಳಿ, ಅವನು ಸುಳ್ಳು ಹೇಳಲ್ಲ ಅಂದ್ರು ನಿಮ್ಮಣ್ಣ."

ಸುಳ್ಳು ಹೇಳಲ್ಲವಂತೆ. ನಾನು.

ಅಮ್ಮ ನನ್ನ ಕಾಲರ್ ಸರಿ ಮಾಡುತ್ತಿದ್ದಾಳೆ. ಏಳಬೇಕು. ಒಳಗೆ ಹೋಗಿ ಮೊದಲಿಗೆ ಏನು ಹೇಳಬೇಕು ಅಂತ ಗೊತ್ತು: ಡಬ್ಬಿ ನಾನು, ಚಾಕು ನಾನು, ಉಳಿದಿದ್ದು ನಾನಲ್ಲ.