ಧ್ವನಿ ಸ್ಪಷ್ಟವಾಗಿದೆ, ಮದುವೆ ನಿಂತಿದೆ

ಬ್ರಾಡ್‌ಬ್ಯಾಂಡ್ ಕಚೇರಿಯ ದೂರು ವಿಭಾಗದ ಮಾನ್ಯ ಅಧಿಕಾರಿಗಳೇ,

ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ನಿಂತು ನಿಂತು ಬರುತ್ತಿದೆ ಎಂದು ದೂರು ಕೊಟ್ಟೆವು. ಅದೇ ತಂತಿಯ ಫೋನಿನಲ್ಲಿ ಮಾತಾಡಿ ನೋಡಿ, ‘ಧ್ವನಿ ಸ್ಪಷ್ಟವಾಗಿದೆ’ ಎಂದು ಬರೆದು ತಾವು ಅದನ್ನು ಮುಗಿಸಿದಿರಿ. ಮತ್ತೆ ಕೊಟ್ಟೆವು, ಮತ್ತೆ ಮುಗಿಸಿದಿರಿ. ಇಷ್ಟು ಚುರುಕಾದ ಕಚೇರಿ ಹುಬ್ಬಳ್ಳಿಯಲ್ಲಿ ಇನ್ನೊಂದಿರಲಿಕ್ಕಿಲ್ಲ! ಆದರೆ ನನ್ನ ಮಗಳು ಭಾಗ್ಯಶ್ರೀಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಅವಳು ಮಾತಾಡುವುದು ಕೈಯಿಂದ. ತಮ್ಮ ಸ್ಪಷ್ಟ ಧ್ವನಿಯನ್ನು ಅವಳು ಏನು ಮಾಡಬೇಕು?

ಬಿಜಾಪುರದ ಬಸವಕಿರಣ ಎಂಬ ಹುಡುಗನ ಸಂಬಂಧ ಬಂದಿದೆ. ಅವನಿಗೂ ಕಿವಿ ಕೇಳುವುದಿಲ್ಲ. ಹಿರಿಯರಿಗೆಲ್ಲ ಒಪ್ಪಿಗೆ. ಮನೆಯಲ್ಲೇ ಹೊಲಿಗೆ ಮಾಡಿ ನಾಲ್ಕು ಕಾಸು ಗಳಿಸುವ ನನ್ನ ಮಗಳದು ಒಂದೇ ಪ್ರಶ್ನೆ: ಮದುವೆಯಾದ ಮೇಲೂ ಹೊಲಿಯಲು ಬಿಡುತ್ತೀಯಾ? ಹುಡುಗ ನೋಡಲು ಬಂದ ದಿನ ಹಿರಿಯರೇ ಸುತ್ತ ಕೂತು ಎಲ್ಲ ಮಾತಾಡಿಬಿಟ್ಟರು. ಅದಕ್ಕೇ ಅವಳು ತನ್ನ ದುಡಿಮೆಯಿಂದ ತನ್ನ ಹೆಸರಿನಲ್ಲೇ ಈ ಸಂಪರ್ಕ ತೆಗೆದುಕೊಂಡಳು. ಅವಳು ವಿಡಿಯೊದಲ್ಲಿ ಪ್ರಶ್ನೆ ಕೇಳುತ್ತಾಳೆ, ಹುಡುಗ ಉತ್ತರಕ್ಕೆ ಕೈ ಎತ್ತುತ್ತಾನೆ, ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಪ್ರತಿಸಲವೂ ಇದೇ ಹಣೆಬರಹ. ಟೈಪ್ ಮಾಡಬಾರದೇ ಎಂದು ಕೇಳುತ್ತೀರಿ. ಮಾಡಿದಳು. ‘ಅವಶ್ಯ ಹೊಲಿಯಬಹುದು’ ಎಂದು ಉತ್ತರವೂ ಬಂತು. ಬರೆದವನು ಹುಡುಗನ ಅಣ್ಣ ಎಂದು ಆಮೇಲೆ ತಿಳಿಯಿತು.

ತಮ್ಮ ಸಿಬ್ಬಂದಿ ಒಮ್ಮೆ ಬಂದು, “ಮಣ್ಣಿನ ಗ್ವಾಡಿ ಭಾಳ ದಪ್ಪ ಅದಾವ್ರಿ. ವೈಫೈ ಡಬ್ಬಿ ಎತ್ತರಕ್ಕ ಇಡ್ರಿ” ಎಂದು ಹೇಳಿ ಚಹಾ ಕುಡಿದು ಹೋದರು. ನನ್ನ ತಾಯಿ ದಾನವ್ವ ಅಡುಗೆಮನೆಯ ನೆಲುವಿನಿಂದ ಹಾಲಿನ ಗಡಿಗೆ ಇಳಿಸಿ, ಆ ಡಬ್ಬಿಯನ್ನು ನೆಲುವಿನೊಳಗೆ ತೂಗಿಬಿಟ್ಟಳು. “ಬೆಕ್ಕು ಹಾಲು ಕುಡದರ ಕುಡೀಲಿ, ನನ್ನ ಮೊಮ್ಮಗಳ ಮಾತು ನಿಲ್ಲಬಾರ್ದು” ಅಂದಳು. ಈಗ ಪಡಸಾಲೆಯಿಂದ ಹಿತ್ತಲಿನವರೆಗೂ ವೈಫೈ ತುಂಬಿದೆ, ಬೆಕ್ಕೂ ಮೈತುಂಬಿಕೊಂಡಿದೆ. ಚಿತ್ರ ಮಾತ್ರ ನಿಲ್ಲುತ್ತಲೇ ಇದೆ. ಏಕೆಂದರೆ ಬೀದಿಯ ಕಂಬದಲ್ಲಿ ತಮ್ಮ ವಾಯರಿಗೆ ಟೇಪು ಸುತ್ತಿ ಬಿಟ್ಟಿದ್ದಾರೆ, ಗಾಳಿ ಬೀಸಿದರೆ ಅದು ಅಲುಗುತ್ತದೆ. ಅದನ್ನೂ ನಾವೇ ನೆಲುವಿಗೆ ಹಾಕಬೇಕೇ?

ಇದನ್ನು ಹೇಳಲು ದೂರು ಕೇಂದ್ರಕ್ಕೆ ಫೋನ್ ಮಾಡಿದೆ.

“ಕನೆಕ್ಷನ್ ಭಾಗ್ಯಶ್ರೀ ಅವ್ರ ಹೆಸರಿನ್ಯಾಗ ಐತ್ರಿ. ಅವ್ರೇ ಮಾತಾಡಬೇಕ್ರಿ.”

“ಆಕಿಗೆ ಕಿವಿ ಕೇಳ್ಸಂಗಿಲ್ಲವಾ ತಂಗಿ.”

“ಹಂಗಾದ್ರ ಜೋರಾಗಿ ಮಾತಾಡ್ತೇನಿ, ಕೊಡ್ರಿ ಅವ್ರಿಗೆ.”

ಈ ಸೌಜನ್ಯಕ್ಕೆ ಏನು ಹೇಳಲಿ?

ನಾನು ಅರಳೆ ವ್ಯಾಪಾರಿ. ಫೋನಿನಲ್ಲೇ ದರ ಕೂಗಿ, ಫೋನಿನಲ್ಲೇ ಹ್ಞೂಂ ಅಂದು ಬದುಕಿದವನು. ಹೋದ ಐತವಾರ ಹುಡುಗನ ಕಾಕಾ ಕುಬೇರಪ್ಪನವರ ಫೋನ್ ಬಂತು. “ಬರೂ ಐತವಾರ ನಿಶ್ಚಯ ಮಾಡಿಬಿಡೂಣ್ರಿ. ಹ್ಞೂಂ ಅನ್ರಿ, ಮುಗೀತು.” ಧ್ವನಿ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ನಾನು ಬಾಯಿ ತೆರೆದೆ. ನನ್ನ ತುಟಿಯನ್ನೇ ನೋಡುತ್ತಿದ್ದ ಮಗಳು ಎದ್ದು ಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕೆಳಗಿಟ್ಟಳು. ಮೊದಲು ಸಿಟ್ಟು ಬಂತು. ಅವಳ ಕಣ್ಣಲ್ಲಿ ನೀರು ಕಂಡಾಗ ನಾಚಿಕೆಯಾಯಿತು. ಮದುವೆಯಾಗುವ ಇಬ್ಬರನ್ನು ಬಿಟ್ಟು ಉಳಿದೆಲ್ಲರೂ ತಮ್ಮ ತಂತಿಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದೇವೆ.

ಆದ್ದರಿಂದ ಬರುವ ಐತವಾರದೊಳಗೆ ಏಣಿ ಸಮೇತ ಒಬ್ಬರನ್ನು ಕಳಿಸಿ ಆ ವಾಯರು ಬದಲಿಸಿ. ರಿಪೇರಿ ಆಯಿತೋ ಇಲ್ಲವೋ ಎಂದು ನನ್ನನ್ನು ಫೋನಿನಲ್ಲಿ ಕೇಳಬೇಡಿ. ಮಗಳ ಪಕ್ಕ ಕೂತು, ಆ ಹುಡುಗನ ಕೈ ತಡೆಯಿಲ್ಲದೆ ಆಡುವುದನ್ನು ಕಣ್ಣಾರೆ ನೋಡಿ, ಆಮೇಲೆ ದೂರು ಮುಗಿಸಿ. ಅವನು ‘ಹೊಲಿ’ ಎಂದರೆ ತಮಗೆ ಹೋಳಿಗೆ ಊಟ. ‘ಬೇಡ’ ಎಂದರೂ ಊಟ ತಪ್ಪುವುದಿಲ್ಲ, ನನ್ನ ಮಗಳು ಬಚಾವಾದಳಲ್ಲ!

ಇಂತಿ,
ಮಗಳ ಪರವಾಗಿ ಹ್ಞೂಂ ಅನ್ನುವ ಅಧಿಕಾರ ಕಳೆದುಕೊಂಡ
ಮಹಾದೇವಪ್ಪ
ಬೆಂಗೇರಿ, ಹುಬ್ಬಳ್ಳಿ, ೨೦೦೯